ಹೊಸ ಕ್ಲಚ್ ವೈರ್ ಯಾರದು

ಸುನಂದಾ ಮಲ್ಲೇಶ್ವರಿಯನ್ನು ಮೊದಲು ನೋಡಿದ್ದು ಮಾನ್ವಿಯಲ್ಲಿ, ಗಾಡಿಗಳ ಸಾಮಾನು ಮಾರುವ ಒಂದು ಅಂಗಡಿಯ ಮುಂದೆ. ಸುನಂದಾ ಹತ್ತಿರದ ಹೊಳೆದಂಡೆಯ ಹಳ್ಳಿ ಚೀಕಲಪರ್ವಿಯ ಶಾಲೆಗೆ ಶಿಕ್ಷಕಿಯಾಗಿ ಬಂದು ಇನ್ನೂ ವಾರ ತುಂಬಿರಲಿಲ್ಲ. ದೇವದುರ್ಗದ ಕಡೆಯ ಹಳ್ಳಿಯಲ್ಲಿ ಬೆಳೆದು, ರಾಯಚೂರಿನ ಹಾಸ್ಟೆಲಿನಲ್ಲಿದ್ದು ಓದಿದವಳಿಗೆ ಮಾನ್ವಿ ಹೊಸ ಊರು. ತಂಗಿದ್ದ ದೂರದ ಸಂಬಂಧಿಕರ ಮನೆಯಲ್ಲಿ ತನ್ನ ಟ್ರಂಕಿಗೊಂದು ಬೀಗ ಬೇಕಾಗಿತ್ತು. ಆ ಅಂಗಡಿಯಲ್ಲಿ ಬೀಗವೂ ಸಿಗುತ್ತಿತ್ತು.

ಅವಳಿಗಿಂತ ಮುಂಚೆ ಬಂದು ನಿಂತಿದ್ದ ಹೆಂಗಸು ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿದ್ದಳು. ತಲೆಗೆ ಬಿಗಿದ ಟವೆಲ್ಲಿನ ಅಂಚಿನಲ್ಲಿ ರಸ್ತೆಯ ದೂಳು, ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು. ಅವಳ ನಂತರ ಬಂದ ಇಬ್ಬರು ಗಂಡಸರು ತಮ್ಮ ಸಾಮಾನು ತೆಗೆದುಕೊಂಡು ಹೋಗಿಯಾಗಿತ್ತು. ಅಂಗಡಿಯವನು ಕೊನೆಗೆ ಅವಳ ಕಡೆ ತಿರುಗಿದ.

"ಏನ್ ಬೇಕವ್ವಾ?"

"ಕ್ಲಚ್ ವೈರ್."

"ಯಾವ ಗಾಡೀದು ಅಂತ ನಿನಗ ತಿಳಿಯಂಗಿಲ್ಲ. ಮನಿಯಾಗ ಗಂಡಸರಿದ್ರ ಕಳಸು."

"ಗಂಡಸರು ಅದಾರ. ಅವರೇನು ಹರದಿಲ್ಲ, ವೈರ್ ಹರದದ."

ಅವಳು ಚೀಲದೊಳಗಿಂದ ಹರಿದ ವೈರ್ ತೆಗೆದು ಕೌಂಟರಿನ ಮೇಲೆ ಉದ್ದಕ್ಕೆ ಚಾಚಿದಳು. ಅಂಗಡಿಯವನು ಒಂದು ಹೊಸದನ್ನು ಎಸೆದ. ಅವಳು ಅದನ್ನು ಹಳೆಯದರ ಪಕ್ಕಕ್ಕೆ ಹಿಡಿದು, ತುದಿಯ ಗುಂಡು ಸಣ್ಣದಾಗಿದೆ ಎಂದು ವಾಪಸು ತಳ್ಳಿದಳು. ಮೂರನೆಯದು ಸರಿಹೋಯಿತು. ಹೋಗುವಾಗ ಸುನಂದಾಳನ್ನು ನೋಡಿ, "ನೀವು ಚೀಕಲಪರ್ವಿ ಸಾಲಿಗೆ ಬಂದ ಹೊಸಾ ಟೀಚರ್ ಅಲ್ಲೇನ್ರಿ? ಇರಾಕ ಕೋಲಿ ಬೇಕಿದ್ರ ನಮ್ಮನ್ಯಾಗ ಮುಂದಿಂದು ಖಾಲಿ ಅದ ನೋಡ್ರಿ," ಎಂದಳು.

ಹೀಗೆ ಸುನಂದಾ ಆ ಮನೆಯ ಮುಂದಿನ ಕೋಣೆ ಸೇರಿದಳು. ಒಳಗೆ ಮಲ್ಲೇಶ್ವರಿ, ಅತ್ತೆ ದುರುಗಮ್ಮ, ಮೈದುನ ಕನಕರಾಜ. ಗಂಡ ಪರಮಣ್ಣ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದು ರಜೆಗೆ ಬಂದು ಹೋಗುತ್ತಿದ್ದ. ಮಲ್ಲೇಶ್ವರಿ ಕುರಿ ಮೇಯಿಸುವವರ ಮನೆಯ ಮಗಳು. ಪಶು ಆಸ್ಪತ್ರೆಯಲ್ಲಿ ತರಬೇತಿ ಪಡೆದು ಹಳ್ಳಿ ಹಳ್ಳಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕುತ್ತಿದ್ದಳು. ಅದಕ್ಕೆಂದೇ ಒಂದು ಬೈಕ್ ಕೊಂಡಿದ್ದಳು, ಗಾಡಿಯ ಕಾಗದವೂ ಅವಳ ಹೆಸರಿನಲ್ಲೇ ಇತ್ತು. ಒಮ್ಮೆ ಗ್ಯಾರೇಜಿನವನು ಬಂದ ಗಂಡಸರ ಗಾಡಿಗಳನ್ನೆಲ್ಲ ಮುಗಿಸಿ ಇವಳನ್ನು ಮಧ್ಯಾಹ್ನದ ತನಕ ಬಿಸಿಲಲ್ಲಿ ಕೂರಿಸಿದ್ದ. ಅಂದು ಅವನ ಕೈಯನ್ನೇ ನೋಡುತ್ತ ಕುಳಿತಿದ್ದವಳು ಮರುದಿನವೇ ನಟ್ಟು ಬಿಚ್ಚುವ ಪಾನಾ, ಇಕ್ಕಳ ಕೊಂಡು ತಂದಳು.

ಗಾಡಿ ಅವಳದಾದರೂ ಕೇಳದೆ ಒಯ್ಯುವವರು ಎಲ್ಲರೂ. ಕನಕರಾಜನ ಕ್ರಿಕೆಟ್ ಬ್ಯಾಟು ಪಡಸಾಲೆಯ ಮೊಳೆಗೆ ತೂಗುತ್ತಿತ್ತು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಕಸ ಗುಡಿಸುವಾಗ ಸರಿಸಿದ್ದಕ್ಕೂ ಅವನು ಮುಖ ಊದಿಸುತ್ತಿದ್ದ. ಗಾಡಿ ಮಾತ್ರ ಮನೆಯದಂತೆ, ಓಣಿಯದಂತೆ. ಸುನಂದಾಳಿಗೆ ಇದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ತನ್ನೂರಿನಲ್ಲೂ ಹೆಣ್ಣುಮಕ್ಕಳ ವಸ್ತುವೆಂದರೆ ಹೀಗೇ ಇತ್ತು. ಓದಿ ಬಂದ ಮೇಲೂ ಅದೇ ಮುಂದೆ ಕೂತಿತ್ತು.

ಒಂದು ದಿನ ಬೆಳಿಗ್ಗೆ ಇಬ್ಬರೂ ಚೀಕಲಪರ್ವಿಗೆ ಹೊರಡಬೇಕಿತ್ತು. ಸುನಂದಾಳಿಗೆ ಶಾಲೆ. ಮಲ್ಲೇಶ್ವರಿಗೆ ಹೊಳೆಯ ದಂಡೆಯಲ್ಲಿ ಬೀಡುಬಿಟ್ಟಿದ್ದ ದೊಡ್ಡ ಹಿಂಡು. ಸುತ್ತಮುತ್ತ ಕುರಿಗಳಿಗೆ ಜ್ವರ, ಭೇದಿ ಹಬ್ಬುತ್ತಿತ್ತು. ಆ ಹಿಂಡಿನವರು ಅಂದೇ ಹೊಳೆ ದಾಟಿ ಆಂಧ್ರದ ಕಡೆ ಹೋಗುವವರಿದ್ದರು, ಬಿಸಿಲೇರುವ ತನಕ ಮಾತ್ರ ಕಾಯುತ್ತೇವೆ ಎಂದಿದ್ದರು. ದಾಟಿಬಿಟ್ಟರೆ ಲಸಿಕೆಯಿಲ್ಲದೆಯೇ ದಾಟಿದ ಹಾಗೆ. ಎದುರು ಮನೆಯ ಯಾಸ್ಮೀನಳ ಫ್ರಿಜ್ಜಿನಲ್ಲಿಟ್ಟಿದ್ದ ಲಸಿಕೆಯನ್ನು ಮಂಜುಗಡ್ಡೆಯ ಡಬ್ಬಿಗೆ ತುಂಬಿ ಗಾಡಿಗೆ ಕಟ್ಟಿಯಾಗಿತ್ತು.

ಮಲ್ಲೇಶ್ವರಿ ಕ್ಲಚ್ ಹಿಡಿದಳು. ಅದು ಕೈಯಲ್ಲಿ ಸತ್ತಂತೆ ಮಲಗಿತು.

ಬಗ್ಗಿ ನೋಡಿದರೆ, ತಾನು ಅಂಗಡಿಯಿಂದ ತಂದು ಹಾಕಿದ್ದ ಹೊಸ ವೈರ್ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಟೇಪು ಸುತ್ತಿದ, ತುಕ್ಕು ಹಿಡಿದ ಯಾವುದೋ ಹಳೆಯ ವೈರು. ಅದು ಒಂದೇ ಎಳೆಯ ಮೇಲೆ ನಿಂತಿತ್ತು, ಈಗ ಆ ಎಳೆಯೂ ಹರಿದಿತ್ತು.

"ಕನಕರಾಜಾ," ಎಂದು ಅವಳು ಒಳಗೆ ಕೂಗಿದಳು. "ಗಾಡಿ ನಿನ್ನೆ ಯಾರ ಹಂತೇಲಿತ್ತು?"

ಕನಕರಾಜ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದ. "ನಾನಽ ಒಯ್ದಿದ್ದೆ ಅತ್ತಿಗಿ. ನನ್ನ ದೋಸ್ತ ಸಾಬಣ್ಣನ ಗಾಡಿ ವೈರ್ ಹರಿಯಾಕ ಬಂದಿತ್ತು. ಇವತ್ತು ನಮ್ಮ ಟೀಮಿಂದು ರಾಯಚೂರಾಗ ಮ್ಯಾಚ್ ಅದ. ಅಷ್ಟು ದೂರ ಹೋಗಬೇಕಲ್ಲ, ಅದಕ್ಕ ನಿಂದು ಅವಂಗ ಹಾಕಿ, ಅವಂದು ನಿನಗ ಹಾಕೀವಿ."

"ನನಗೊಂದು ಮಾತು ಹೇಳಬೇಕು ಅನಸಲಿಲ್ಲೇನು?"

"ಹೇಳೂದೇನದ, ಮನಿ ಗಾಡಿ. ನೀ ಕುರಿ ಹಂತೇಲಿ ಹೋಗಾಕಿ. ಕುರಿ ಏನ್ ಹಾಜರಿ ಹಾಕ್ತಾವೇನು?"

ದುರುಗಮ್ಮ ಅಂಗಳ ಗುಡಿಸುತ್ತಲೇ ಅಂದಳು, "ಹೋಗ್ಲಿ ಬಿಡಬೇ. ಗಂಡುಹುಡುಗರು, ಅವರಿಗೂ ಕೆಲಸ ಇರ್ತಾವ. ಅಂಗಡಿ ತೆಗೀಲಿ, ಇನ್ನೊಂದು ತಂದರಾತು."

ಅಂಗಡಿ ತೆಗೆಯುವ ಹೊತ್ತಿಗೆ ಬಿಸಿಲೇರಿ ಹಿಂಡು ಹೊಳೆ ದಾಟಿರುತ್ತಿತ್ತು. ಮ್ಯಾಚು ಕೆಲಸವಾಯಿತು, ಲಸಿಕೆ ಕೆಲಸವಲ್ಲದೆ ಹೋಯಿತು! ಸುನಂದಾಳ ಬಾಯಿಗೆ ಹತ್ತು ಮಾತು ಬಂದವು. ತಾನು ಬಾಡಿಗೆಯವಳು ಎಂದು ಅಳುಕಿ, ಗಾಡಿಗೆ ಕಟ್ಟಿದ್ದ ಡಬ್ಬಿಯನ್ನು ಬಿಚ್ಚಿ ಇಳಿಸಿದಳು.

ಮಲ್ಲೇಶ್ವರಿ ಜಗಳ ಬೆಳೆಸಲಿಲ್ಲ. ಹಳೆಯ ವೈರನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. ಡಬ್ಬಿಯನ್ನು ನೆರಳಿಗಿಟ್ಟು, ಪಾನಾ ಹಿಡಿದು ನಡೆದೇ ಹೊರಟಳು. ಸುನಂದಾ ಹಿಂದೆಯೇ ಹೋದಳು.

ಸಾಬಣ್ಣನ ಗಾಡಿ ಅವನ ಮನೆಯ ಮುಂದೆ ತೊಳೆದು ನಿಂತಿತ್ತು. ಮಲ್ಲೇಶ್ವರಿ ಮಂಡಿಯೂರಿ ಕುಳಿತು ಇಂಜಿನ್ನಿನ ಕಡೆಯ ತುದಿಯನ್ನು ಸಡಿಲಿಸತೊಡಗಿದಳು. ನಲ್ಲಿಯ ಹತ್ತಿರ ಕೊಡ ಹಿಡಿದಿದ್ದ ಹೆಂಗಸರು ತಿರುಗಿ ನಿಂತರು. ಸಾಬಣ್ಣ ಬ್ರಶ್ ಕಚ್ಚಿಕೊಂಡೇ ಹೊರಬಂದ.

"ಏನಕ್ಕಾ, ನಮ್ಮ ಗಾಡಿ ಬಿಚ್ಚಾಕತ್ತೀದಿ?"

"ನಿನ್ನ ಗಾಡಿ ನಿನ್ನ ಹಂತೇಲೆ ಇರ್ತದ. ನನ್ನ ವೈರ್ ನಾ ಒಯ್ಯಾಕತ್ತೀನಿ."

"ಕನಕರಾಜ ಕೊಟ್ಟಾನ."

"ಕನಕರಾಜಂದು ಬ್ಯಾಟ್ ಅದ. ಅದನ್ನ ಇಸಗೊಂಡು ಹತ್ತಿ ಹೋಗು."

ನಲ್ಲಿಯ ಕಡೆ ಯಾರೋ ಕಿಸಕ್ಕನೆ ನಕ್ಕರು. ಸಾಬಣ್ಣನ ಮುಖ ಕೆಂಪಾಯಿತು. "ಒಂದು ವೈರಿಗೆ ಇಷ್ಟು ಮಂದಿ ಮುಂದ ಮರ್ಯಾದಿ ತೆಗೀತಿಯಲ್ಲಕ್ಕಾ. ನಾ ಈಗ ರಾಯಚೂರಿಗೆ ಹ್ಯಾಂಗ ಹೋಗ್ಲಿ?"

"ಬಸ್ ಅದಾವ. ನನ್ನ ಕುರಿ ಹಂತೇಲಿ ಬಸ್ ಹೋಗಂಗಿಲ್ಲ."

ವೈರ್ ಕೈಗೆ ಬಂದಿತು. ಹಳೆಯದನ್ನು ಅವನ ಹ್ಯಾಂಡಲಿಗೆ ನೇತುಹಾಕಿ ಎದ್ದಳು. "ನಿಂದು ನಿನಗ ಕೊಟ್ಟೀನಿ. ಎಣಿಸಿ ನೋಡ್ಕೋ, ಎಳಿ ಎಷ್ಟು ಅದಾವ."

ಮನೆಗೆ ಬಂದು ಮೊದಲು ಕೆಳಗಿನ ತುದಿ ಸೇರಿಸಿದಳು. ವೈರನ್ನು ಹೆಡ್‌ಲೈಟಿನ ಹಿಂದಿನಿಂದ, ಎಲ್ಲೂ ಮಡಿಕೆ ಬೀಳದ ಹಾಗೆ ಮೇಲಕ್ಕೆ ತಂದಳು. ಸುನಂದಾ ಕ್ಲಚ್ಚಿನ ಹಿಡಿಯನ್ನು ಒತ್ತಿ ಹಿಡಿದಳು. ಗುಂಡು ತನ್ನ ಗೂಡಿಗೆ ಕುಳಿತಿತು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ವೈರ್ ಜಗ್ಗುವುದಿಲ್ಲ ಎಂದು ನೋಡಿ, ಹಿಡಿಗೆ ತುಸು ಸಡಿಲ ಬಿಟ್ಟು ತಿರುಪು ಬಿಗಿದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ರಾಯಚೂರಿನಲ್ಲಿದ್ದ ಮಗನಿಗೆ ದುರುಗಮ್ಮ ಆಗಲೇ ಸುದ್ದಿ ಮುಟ್ಟಿಸಿದ್ದಳು. ಮಲ್ಲೇಶ್ವರಿಯ ಕೈ ಎಣ್ಣೆಯಾಗಿತ್ತು, ಸುನಂದಾ ಸ್ಪೀಕರ್ ಒತ್ತಿದಳು.

"ನೀ ಮನಿಗೆ ದೊಡ್ಡ ಸೊಸಿ," ಎಂದ ಪರಮಣ್ಣ. "ಸಣ್ಣದಕ್ಕ ಓಣಿಯಾಗ ರಂಪ ಮಾಡ್ತಾರೇನು? ಬಿಟ್ಟುಕೊಡಬೇಕಪ್ಪ."

"ಬಿಟ್ಟುಕೊಡ್ತೀನ್ರಿ. ಕುರಿಗೆ ಸೂಜಿ ಹಾಕಾಕ ನೀವು ಬರ್ತೀರೇನು?"

ಮಲ್ಲೇಶ್ವರಿ ಡಬ್ಬಿಯನ್ನು ಮತ್ತೆ ಗಾಡಿಗೆ ಕಟ್ಟಿದಳು.

"ಇನ್ನ ಕೀಲಿಕೈ ನನ್ನ ಹಂತೇಲೆ ಇರ್ತದ. ನಿಮ್ಮ ತಮ್ಮಂಗೂ ಹೇಳ್ರಿ," ಎಂದಳು. ಕನಕರಾಜ ಬಾಗಿಲಲ್ಲೇ ನಿಂತಿದ್ದ, ದುರುಗಮ್ಮ ಕಸಬರಿಗೆ ಮೂಲೆಗೆಸೆದು ಒಳಗೆ ಹೋದಳು.

ಅವರು ಹೊಳೆ ದಂಡೆ ಮುಟ್ಟಿದಾಗ ಮುಂದಿನ ಕುರಿಗಳು ಆಗಲೇ ನೀರಿನ ಅಂಚಿಗೆ ಇಳಿದಿದ್ದವು. ಹಿಂಡಿನ ಒಡತಿ ಅಂಬಮ್ಮ, "ಬರಂಗಿಲ್ಲೇನೋ ಅಂತ ಬಿಟ್ಟಿದ್ವಲ್ಲಬೇ," ಎನ್ನುತ್ತ ಕೂಗು ಹಾಕಿ ಅವುಗಳನ್ನು ಹಿಂದಕ್ಕೆ ತಿರುಗಿಸಿದಳು. ಡಬ್ಬಿಯ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿತ್ತು. ಸುನಂದಾ ಶಾಲೆಗೆ ನಡೆದಳು. ಊಟದ ಬಿಡುವಿನಲ್ಲಿ ನೋಡಿದಾಗ, ಸೂಜಿ ಹಾಕಿಸಿಕೊಂಡ ಹಿಂಡು ಹೊಳೆಯ ಆ ಕಡೆಯ ದಂಡೆ ಏರುತ್ತಿತ್ತು.

ಆ ಮನೆಯಲ್ಲಿ ಬಹಳ ದಿನ ದುರುಗಮ್ಮ ಸೊಸೆಯೊಡನೆ ನೆಟ್ಟಗೆ ಮಾತಾಡಲಿಲ್ಲ, ಓಣಿಯವರು ಗಟ್ಟಿ ಬಾಯಿಯವಳು ಎಂದರು. ಕದ್ದವರಿಗೆ ಯಾವ ಹೆಸರೂ ಬರಲಿಲ್ಲವಲ್ಲ ಎಂಬ ಸಿಟ್ಟು ಸುನಂದಾಳಲ್ಲಿ ಇಂದಿಗೂ ಇಳಿದಿಲ್ಲ.

ಮಲ್ಲೇಶ್ವರಿ ಈಗಲೂ ಮಾನ್ವಿಯಲ್ಲೇ ಇದ್ದಾಳೆ. ಕಲ್ಲೂರಿನಿಂದ ಚೀಕಲಪರ್ವಿಯ ತನಕ ಹಳ್ಳಿಗಳಿಗೆ ಹೋಗಿ ಕುರಿ, ಆಡುಗಳಿಗೆ ಲಸಿಕೆ ಹಾಕುತ್ತಾಳೆ. ಗಾಡಿಯನ್ನು ಯಾರಿಗೂ ಕೊಡುವುದಿಲ್ಲ.