ಹಂಸಾ ಪಾಸು ಮಾಡಿದ ಮಂಚ

ಹಂಸಾ ಯಾವ ವಸ್ತುವನ್ನೂ ಸುಮ್ಮನೆ ನಂಬುವವಳಲ್ಲ. ಹೊಸ ಕುಕ್ಕರ್ ಕೊಳ್ಳುವಾಗ ಅಂಗಡಿಯವನಿಂದಲೇ ನೀರು ತರಿಸಿ, ಸೋರುತ್ತದೆಯೋ ಎಂದು ಬೋರಲು ಹಾಕಿ ನೋಡಿದವಳು. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಅವಳ ಕೆಲಸವೂ ಅದೇ. ಹೊರಗಿನಿಂದ ಬರುವ ಬೋಲ್ಟು, ತಗಡು, ಕೊಳವೆಗಳನ್ನು ಅಳೆದು, ಎಳೆದು, ಬಗ್ಗಿಸಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು. ಹಸಿರು ಚೀಟಿಗೆ ಎರಡು ಸಹಿ ಬೇಕು: ಪರೀಕ್ಷಿಸಿದವರದು ಒಂದು, ಆ ವಸ್ತುವನ್ನು ಬಳಸುವವರದು ಇನ್ನೊಂದು. ಎರಡನೆಯ ಸಹಿ ಬೀಳದೆ ಒಂದು ಮೊಳೆಯೂ ಉಗ್ರಾಣ ದಾಟುವಂತಿರಲಿಲ್ಲ. ಈ ವಿಷಯದಲ್ಲಿ ಮೈಸೂರಿನ ಈ ಹೆಂಗಸು ದೊಡ್ಡ ಸಾಹೇಬರು ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ.

ಗಂಡ ವಿಠಲನಿಗೆ ಕೊಚ್ಚಿಯಲ್ಲಿ ಬ್ಯಾಂಕಿನ ಕೆಲಸ. ಶನಿವಾರ ರೈಲು ಹತ್ತಿ ಬರುವನು, ಸೋಮವಾರ ಬೆಳಕು ಹರಿಯುವ ಮುಂಚೆ ಹೊರಡುವನು. ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದ ಅವರ ಬಾಡಿಗೆ ಮನೆಯಲ್ಲಿ ಎರಡೇ ಕೋಣೆ. ಒಂಬತ್ತು ವರ್ಷದ ಪ್ರತೀಕ್ಷಾ, ನಾಲ್ಕು ವರ್ಷದ ಗುರುಕಿರಣ್ ಮಲಗುವ ಕೋಣೆಯಲ್ಲಿ ಬೀರು, ಓದುವ ಮೇಜು ಇಟ್ಟ ಮೇಲೆ ಕಾಲಿಡಲು ಜಾಗವಿರಲಿಲ್ಲ. ತೊಂಬತ್ತಾರರಲ್ಲಿ ವಿಠಲ ಕೊಚ್ಚಿಯ ಎಡಪ್ಪಳ್ಳಿಯ ಅಂಗಡಿಯೊಂದರಲ್ಲಿ ಬಂಕ್ ಬೆಡ್ ನೋಡಿ ಬಂದ. ಒಂದರ ಮೇಲೊಂದು ಮಂಚ, ಹತ್ತಲು ಏಣಿ, ರೈಲಿನ ಬರ್ತಿನ ಹಾಗೆ ಎಂದು ಕೈ ಆಡಿಸಿ ವರ್ಣಿಸಿದ.

"ನಮ್ ಪ್ರತೀಕ್ಷಾ ನಿದ್ದೇಲಿ ಉರುಳ್ತಾಳೆ, ಗೊತ್ತಲ್ವೇನ್ರೀ? ಚಾಪೆ ಮೇಲೆ ಮಲಗ್ಸಿದ್ರೆ ಬೆಳಿಗ್ಗೆ ಬೀರು ಕೆಳಗಿರ್ತಾಳೆ. ಅಷ್ಟೆತ್ತರದಿಂದ ಬಿದ್ರೆ?" ಎಂದಳು ಹಂಸಾ.

"ಅದಕ್ಕೇ ನೀನು ಬಂದು ನೋಡು ಅಂದಿದ್ದು," ಎಂದ ವಿಠಲ.

ಮುಂದಿನ ವಾರ ಅವಳೇ ಎಡಪ್ಪಳ್ಳಿಗೆ ಹೋದಳು. ಕಬ್ಬಿಣದ ಕೊಳವೆಯ ಮಂಚ. ಏಣಿಯ ಮೆಟ್ಟಿಲೂ ಗುಂಡನೆಯ ಕೊಳವೆ. ಪುಟ್ಟ ಪಾದ ಜಾರುವಂಥದ್ದು. ಅಂಚಿನ ತಡೆಪಟ್ಟಿ ಬರೀ ಮಂಚದಲ್ಲಿ ಎತ್ತರ ಕಂಡರೂ, ಹಾಸಿಗೆ ಹಾಕಿಸಿ ನೋಡಿದಾಗ ಮೇಲೆ ಉಳಿದದ್ದು ನಾಲ್ಕೇ ಬೆರಳು. ಹಂಸಾ ಕಂಬ ಹಿಡಿದು ಅಲ್ಲಾಡಿಸಿದಾಗ ಮಂಚ ಕಿರುಗುಟ್ಟಿತು, ಅಂಗಡಿಯವನ ಮುಖ ಹುಳ್ಳಗಾಯಿತು.

ಕೊನೆಗೆ ಉಳ್ಳೂರಿನ ತಂಗಪ್ಪನ್ ಆಶಾರಿಗೆ ಹೇಳಿ ಮರದಲ್ಲೇ ಮಾಡಿಸಿದಳು. ಕೇರಳದಲ್ಲಿ ಬಡಗಿಗೆ ಆಶಾರಿ ಎನ್ನುತ್ತಾರೆ. ಈತ ಮೂವತ್ತು ವರ್ಷ ಉಳಿ ಹಿಡಿದ ಮನುಷ್ಯ. ಹಂಸಾಳ ಕೈಗೆ ಸಿಕ್ಕಿ ಹೈರಾಣಾದ. ತಡೆಪಟ್ಟಿ ಹಾಸಿಗೆಯ ಮೇಲೆ ಒಂದು ಗೇಣು ಇರಬೇಕು. ಪಟ್ಟಿಗಳ ಸಂದಿಯಲ್ಲಿ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಾರದು. ಅದಕ್ಕೆ ಅವಳು ಸುಲಿದ ತೆಂಗಿನಕಾಯಿಯೊಂದನ್ನು ಪ್ರತಿ ಸಂದಿಗೂ ಒತ್ತಿ ನೋಡಿದಳು. ಮೆಟ್ಟಿಲು ಚಪ್ಪಟೆ ಇರಬೇಕು. ಮುಂದೆ ವರ್ಗವಾದರೆ ಸಾಗಿಸಲು ಮೇಲಿನ ಮಂಚ ಬಿಚ್ಚಿ ಕೆಳಗಿಳಿಸುವಂತಿರಬೇಕು. ಎಲ್ಲ ಆದ ಮೇಲೆ ಎರಡು ಅಕ್ಕಿ ಮೂಟೆ ಮೇಲೇರಿಸಿ, ಅವುಗಳ ಪಕ್ಕ ವಿಠಲನನ್ನೂ ಹತ್ತಿಸಿ ಕುಣಿಯಲು ಹೇಳಿದಳು. ಬ್ಯಾಂಕಿನ ಆ ಸಂಭಾವಿತ ಮನುಷ್ಯ ಲುಂಗಿ ಬಿಗಿದು ಕುಣಿದ. ಮಂಚ ಮಿಸುಕಲಿಲ್ಲ.

ಫ್ಯಾನಿನದೊಂದು ಚಿಂತೆ ಉಳಿದಿತ್ತು. ಅದನ್ನು ನಿಲ್ಲಿಸಿ, ಪ್ರತೀಕ್ಷಾಳನ್ನು ಮೇಲೆ ಕೂರಿಸಿ, "ಕೈ ಚಾಚು," ಎಂದಳು. ಹುಡುಗಿ ಚಾಚಿದಳು. "ಇನ್ನೂ ಚಾಚು." ಬೆರಳ ತುದಿಗೂ ರೆಕ್ಕೆಗೂ ನಡುವೆ ಎರಡು ಮೊಳ ಇತ್ತು.

"ಮೇಲೆ ಮಲಗ್ತೀಯಾ ಪುಟ್ಟೀ?"

"ಕುಳಪ್ಪಮಿಲ್ಲ," ಎಂದಳು ಮಗಳು. ತೊಂದರೆಯಿಲ್ಲ ಎನ್ನಲು ಮಲಯಾಳಿಗಳು ಹೇಳುವ ಮಾತು. ಅಲ್ಲೇ ಬೆಳೆದ ಮಗು, ಅಮ್ಮನ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಡುತ್ತಿತ್ತು. ಗುರುಕಿರಣ್ ತಾನೇ ಮೇಲೆ ಮಲಗುವೆನೆಂದು ರಂಪ ಮಾಡಿದ. ಆರು ತುಂಬದ ಮಕ್ಕಳು ಮೇಲೆ ಮಲಗಕೂಡದು ಎಂದು ಹಂಸಾ ಗದರಿದಳು. ಮಂಚದ ಸುತ್ತ ಹಗ್ಗ, ದುಪಟ್ಟಾ, ಯಾವ ದಾರವೂ ನೇತಾಡಕೂಡದು ಎಂದೂ ತಾಕೀತು ಮಾಡಿದಳು. ಮಲಗಿದ ಮಗುವಿನ ಕೊರಳಿಗೆ ಸುತ್ತಿಕೊಂಡರೆ ಏನು ಗತಿ? ಆಮೇಲೆ ತಮಾಷೆಗೆಂದು ಆಫೀಸಿನಿಂದ ತಂದ ಹಸಿರು ಚೀಟಿಯೊಂದನ್ನು ಮಂಚದ ಕಾಲಿಗೆ ಅಂಟಿಸಿದಳು. ಪೆನ್ನು ಹೇಗೂ ಕೈಯಲ್ಲಿತ್ತು. ಎರಡೂ ಸಹಿಯನ್ನು ತಾನೇ ಹಾಕಿದಳು.

ಆ ದಿನಗಳಲ್ಲಿ ಹಂಸಾ ಹೆಮ್ಮೆಯಿಂದ ಬೀಗಿದ್ದಳು. ಉರುಳುವ ಹುಡುಗಿ ಒಂದು ಸಲವೂ ತಡೆಪಟ್ಟಿ ದಾಟಿರಲಿಲ್ಲ. ಮಗಳ ಮಣಿಕಟ್ಟಿನಲ್ಲಿ ಕೆಂಪು ಗೆರೆ ಕಂಡು ಏನೆಂದು ಕೇಳಿದಳು. "ವಳ," ಎಂದಳು ಪ್ರತೀಕ್ಷಾ, ಬಳೆಯ ಗುರುತು ಎಂಬಂತೆ. ಇವಳೂ ಅಷ್ಟಕ್ಕೇ ಬಿಟ್ಟಳು.

ಮೂರನೆಯ ವಾರ ಒಂದು ಬೆಳಿಗ್ಗೆ ಸ್ಕೂಲ್ ವ್ಯಾನಿಗೆ ಹೊತ್ತಾಗಿತ್ತು. ಎಷ್ಟು ಕೂಗಿದರೂ ಮಗಳು ಏಳಲಿಲ್ಲ. ಹಂಸಾ ಮೊದಲ ಸಲ ಆ ಏಣಿ ಹತ್ತಿದಳು. ಪ್ರತೀಕ್ಷಾ ಗೋಡೆಗೆ ಒತ್ತಿಕೊಂಡು ಮಲಗಿದ್ದಳು. ಶಾಲೆಗೆ ಜಡೆ ಕಟ್ಟುವ ಬಿಳಿ ರಿಬ್ಬನ್ನು ಮಣಿಕಟ್ಟಿಗೆ ಮೂರು ಸುತ್ತು ಬಿದ್ದು, ಅದರ ಇನ್ನೊಂದು ತುದಿ ತಡೆಪಟ್ಟಿಗೆ ಬಿಗಿಯಾಗಿ ಕಟ್ಟಿತ್ತು.

ಹಂಸಾ ರಿಬ್ಬನ್ನಿನಿಂದ ಮಗಳ ಕೊರಳಿಗೆ ಕಣ್ಣಲ್ಲೇ ಅಳೆದಳು. ಕೊರಳು ಒಂದು ಮೊಳ ಕೂಡ ದೂರವಿರಲಿಲ್ಲ. ಗಂಟು ಬಿಚ್ಚಿದಳು. ಮಗಳು ಕಣ್ಣು ಬಿಟ್ಟವಳೇ ಕೈ ಬಚ್ಚಿಟ್ಟುಕೊಂಡಳು.

"ಎಷ್ಟ್ ದಿನದಿಂದ ಹೀಗ್ ಕಟ್ಕೊಂಡ್ ಮಲಗ್ತಿದ್ದೀ?"

"ಮೊದಲ್ನೇ ದಿನದಿಂದ." ಈ ಸಲ ಕನ್ನಡದಲ್ಲೇ ಬಂತು ಉತ್ತರ. "ನಂಗೆ ಬೀಳೋ ಭಯ ಅಮ್ಮ. ನೀನ್ ಅಷ್ಟೊಂದ್ ಕಷ್ಟ ಪಟ್ ಮಾಡ್ಸಿದ್ದೆ..."

ಹಂಸಾ ಅವಳ ಪಕ್ಕದಲ್ಲೇ ಮುದುರಿ ಮಲಗಿದಳು. ಮೇಲೆ ಫ್ಯಾನು ತಿರುಗುತ್ತಿತ್ತು. ಕೆಳಗೆ ನಿಂತು ನೋಡಿದಾಗ ಎರಡು ಮೊಳ ದೂರವಿದ್ದದ್ದು ಈಗ ಮುಖದ ಮೇಲೇ ಬಂದಂತೆ ಕಂಡಿತು. ಅವತ್ತು ತಾನು ಮಗಳ ಬೆರಳ ತುದಿಯನ್ನಷ್ಟೇ ನೋಡುತ್ತಿದ್ದೆ, ಮುಖದ ಕಡೆ ಕಣ್ಣು ಹಾಯಿಸಲೇ ಇಲ್ಲ ಎಂಬುದು ನೆನಪಾಗಿ ಅವಳಿಗೆ ನಾಚಿಕೆಯಾಯಿತು, ಅಳು ಬಂತು. ವ್ಯಾನು ಹಾರ್ನ್ ಹೊಡೆದು ಹೊರಟುಹೋಯಿತು.

ಅಂದು ರಜೆ ಹಾಕಿ ತಂಗಪ್ಪನ್ ಆಶಾರಿಯನ್ನು ಕರೆಸಿದಳು. ಮಂಚ ಬಿಚ್ಚಬೇಕೆಂದದ್ದೇ ಅವನ ಮುಖ ಕೆಂಪಾಯಿತು.

"ಕಟ್ಟಿಲಿನ್ ಎಂದಾ ಕುಳಪ್ಪಂ, ಮೇಡಂ?" ತಾನು ಮಾಡಿದ ಮಂಚಕ್ಕೆ ಏನು ತೊಂದರೆ ಎಂದು ಅವನ ಜಗಳ.

ಮಂಚ ಬಂಗಾರದಂತಿದೆ, ತಪ್ಪಿದ್ದು ತನ್ನ ಪರೀಕ್ಷೆ ಎಂದು ಹಂಸಾ ತನಗೆ ಬಂದ ಮಲಯಾಳದಲ್ಲಿ ಹೇಳಿದಳು. ಬೇರೆಯವರ ಎದುರು ಅವಳು ತಪ್ಪೊಪ್ಪಿಕೊಂಡದ್ದನ್ನು ಆ ಮನೆ ಅಲ್ಲಿಯತನಕ ಕೇಳಿರಲಿಲ್ಲ. ಆಶಾರಿ ಮೇಲಿನ ಮಂಚ ಇಳಿಸಿ ಇನ್ನೊಂದರ ಪಕ್ಕಕ್ಕೆ ಜೋಡಿಸಿದ. ಓದುವ ಮೇಜು ಅಡುಗೆಮನೆ ಸೇರಿತು, ಬೀರುವಿನ ಬಾಗಿಲು ಅರ್ಧವಷ್ಟೇ ತೆರೆಯುವಂತಾಯಿತು. ಮಹಡಿ ಹೋಯಿತೆಂದು ಗುರುಕಿರಣ್ ಗೋಳೋ ಎಂದ.

ಹಂಸಾ ಹಳೆಯ ಚೀಟಿ ಕೆರೆದು ತೆಗೆದು, ಹೊಸದೊಂದು ಹಸಿರು ಚೀಟಿ ಅಂಟಿಸಿ, ಮೊದಲ ಗೆರೆಯ ಮೇಲೆ ಸಹಿ ಹಾಕಿದಳು. ಎರಡನೆಯ ಗೆರೆ ತೋರಿಸಿ ಪೆನ್ನನ್ನು ಮಗಳ ಕೈಗೆ ಕೊಟ್ಟಳು.

ಪ್ರತೀಕ್ಷಾ ಚೀಟಿ ನೋಡಿದಳು. ಮಂಚದ ಮೇಲೆ ಕೂತು, ಅಂಚಿನಿಂದ ಕಾಲು ಇಳಿಬಿಟ್ಟು, ಅಂಗಾಲು ನೆಲಕ್ಕೆ ತಾಗುತ್ತದೆಯೇ ಎಂದು ನೋಡಿಕೊಂಡಳು. ಆಮೇಲೆ ಪೆನ್ನನ್ನು ಅಮ್ಮನಿಗೇ ವಾಪಸು ಕೊಟ್ಟಳು.

"ಈಗ್ಲೇ ಹಾಕಲ್ಲ," ಎಂದಳು. "ಇವತ್ತೊಂದ್ ರಾತ್ರಿ ಮಲಗಿ ನೋಡ್ತೀನಿ."