ಒಳಗ, ಹೊರಗ

ಈ ಹಾಳೆಗಳ ಮೇಲಿನ ಅಕ್ಷರಗಳು ಸೊಟ್ಟಗಿವೆ ಎಂದು ನಗಬೇಡಿ ಮಕ್ಕಳೇ. ನಾನು ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಯಾರಾದರೂ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಬಾಯಿ ಕಟ್ಟಿಹೋಗುತ್ತಿತ್ತು. ಆದರೆ ನನ್ನ ಪಾಟಿಯನ್ನು ಮಾಸ್ತರರು ಎತ್ತಿ ಹಿಡಿದು ಇಡೀ ವರ್ಗಕ್ಕೆ ತೋರಿಸುತ್ತಿದ್ದರು. ದುಂಡಗೆ ಬರೆಯುವುದು ನನಗೆ ಚೆನ್ನಾಗಿಯೇ ಬರುತ್ತದೆ. ಇಲ್ಲಿ ಯಾಕೆ ಹಾಗೆ ಬರೆದಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ನಮ್ಮ ಡೊಂಬಿವಲಿ ಮನೆಯ ಹಾಲಿನಲ್ಲಿ ಬಣ್ಣಬಣ್ಣದ ತಂತಿ ಜೋತುಬಿಟ್ಟುಕೊಂಡು ಕುಳಿತಿರುವ ಆ ಸಿಂಥಸೈಜರ್ ನಿಮ್ಮ ಅಪ್ಪನ ಕೈಕೆಲಸ ಎಂದು ನಿಮಗೆ ಗೊತ್ತು. ಅದರ ಮುಖ ಯಾರ ಕೈಕೆಲಸ ಎಂಬುದು ಪೂರ್ತಿ ಗೊತ್ತಿಲ್ಲ.

ಅದನ್ನು ಕಟ್ಟತೊಡಗಿದಾಗ ಅವನು ಅಂಬರನಾಥದ ಎಮ್‌ಐಡಿಸಿ ಉದ್ಯಮನಗರದಲ್ಲಿ, ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಒಂದು ಕಡೆ ಕೆಲಸಕ್ಕಿದ್ದ. ಇನ್ನೂ ಮದುವೆಯಾಗಿರಲಿಲ್ಲ. ರಜೆಯ ದಿನ ಮನೆಯಲ್ಲಿ ಕುಳಿತು ಬೆಸುಗೆ ಹಾಕುತ್ತಿದ್ದ. ಇದೇನೋ ಎಂದು ಕೇಳಿದರೆ, "ಪೇಟಿ ಬೇ ಅವ್ವಾ, ಕರೆಂಟಿನ ಪೇಟಿ" ಎಂದ. ಹಾರ್ಮೋನಿಯಂ ಪೇಟಿಗೆ ಬೆರಳೊತ್ತುವ ಮನೆಗಳಿರುತ್ತವಲ್ಲ, ಇದಕ್ಕೆ ಇರಲಿಲ್ಲ. ಬಿಡಿಬಿಡಿ ತುಂಡುಗಳು, ಒಂದೊಂದಕ್ಕೆ ಒಂದೊಂದು ಕೆಲಸ. ಒಂದು ದನಿ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ತೆಳ್ಳಗೆ ಮಾಡುತ್ತದೆ, ಮತ್ತೊಂದು ಏರಿಸಿ ಇಳಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ತಂತಿ ಚುಚ್ಚಬೇಕು. ಪ್ರತಿ ತುಂಡಿಗೂ ಮುಂದೆ ಒಂದು ಅಲ್ಯುಮಿನಿಯಂ ತಗಡಿನ ಮುಖ, ಅವನ ಮಾತಿನಲ್ಲಿ ಪ್ಯಾನೆಲ್ಲು. ಪೋಸ್ಟ್‌ಕಾರ್ಡು ನಿಲ್ಲಿಸಿದಷ್ಟು ಎತ್ತರ, ಮೂರು ನಾಲ್ಕು ಬೆರಳಗಲ. ಅದರಲ್ಲಿ ತಿರುಗಿಸುವ ಗುಂಡಿಗೆ ತೂತು, ತಂತಿಗೆ ತೂತು. ದನಿ ಯಾವ ತೂತಿನಿಂದ ಒಳಗೆ ಹೋಗುತ್ತದೆ, ಯಾವುದರಿಂದ ಹೊರಗೆ ಬರುತ್ತದೆ ಎಂದು ಬರೆದಿರದಿದ್ದರೆ ಕಟ್ಟಿದವನಿಗೂ ತಿಳಿಯದು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಬ್ಲೌಸುಗಳ ಮೇಲೆ ಕಸೂತಿಯ ಟ್ರೇಸಿಂಗ್ ಹಾಕಿಕೊಡುತ್ತಿದ್ದೆ. ಬಟರ್ ಪೇಪರಿನ ಮೇಲೆ ಚಿತ್ರ ಬರೆದು, ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚುವುದು. ಆ ಕಾಗದವನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಅರಳೆಯಿಂದ ಒರೆಸಿದರೆ ಚಿತ್ರ ಚುಕ್ಕಿಚುಕ್ಕಿಯಾಗಿ ಕೆಳಗಿಳಿಯುತ್ತದೆ. ಯಾರೊಡನೆಯೂ ಹೆಚ್ಚು ಮಾತಾಡಬೇಕಾಗಿರಲಿಲ್ಲ, ಅದಕ್ಕೇ ಆ ಕೆಲಸ ನನಗೆ ಒಗ್ಗಿತ್ತು. ಒಂದು ದಿನ ನಿಮ್ಮ ಅಪ್ಪ ಕರಿ ಬಣ್ಣ ಬಳಿದ ತಗಡೊಂದನ್ನು ನನ್ನ ಮುಂದಿಟ್ಟ.

"ಅವ್ವಾ, ಇದರ ಮ್ಯಾಲೆ ಹಾಕಿ ಕೊಡ್ತೀ ಏನು? ಗುಂಡಿ ಸುತ್ತ ಚುಕ್ಕಿ, ಕೆಳಗ ಹೆಸರು."

"ನನಗ ಇಂಗ್ರೇಜಿ ಎಲ್ಲಿ ಬರ್ತದಪ್ಪಾ?"

"ಕನ್ನಡದಾಗ ಬರಿ. ಆಪ್ಲೀ ಪೇಟಿ, ನಮ್ಮ ಅಕ್ಷರ."

ಮರಾಠಿ ಶಾಲೆಯಲ್ಲಿ ಕಲಿತವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಬಾಯಿಗೆ ಬಂದದ್ದನ್ನೇ ಬರೆದೆ. ದನಿ ಹೋಗುವ ತೂತಿನ ಕೆಳಗೆ "ಒಳಗ", ಬರುವ ತೂತಿನ ಕೆಳಗೆ "ಹೊರಗ". ಕಾಗದ ಚುಚ್ಚಿ, ಬಿಳಿ ಪುಡಿ ಇಳಿಸಿ, ಸಣ್ಣ ಕುಂಚದಿಂದ ಬಣ್ಣ ತುಂಬಿದೆ. ಅವನು ಆ ಎರಡು ಪದಗಳನ್ನು ಮುಖ ಗುರುತು ಹಿಡಿದಂತೆ ಗುರುತು ಹಿಡಿಯಲು ಕಲಿತ. ಅವನು ಓದುವ ಕನ್ನಡ ಅಷ್ಟೇ, ಅದೂ ನನ್ನ ಕೈಯದು.

ತೂತು ಕೊರೆಯುವ ಮೊದಲು ಇನ್ನೊಂದು ಕೆಲಸವಿತ್ತು. ಕಾಗದದ ಮೇಲೆ ಗುಂಡಿಗಳನ್ನು ಜೋಡಿಸಿಟ್ಟು, "ಅವ್ವಾ, ಬೆರಳಿಡು" ಎನ್ನುತ್ತಿದ್ದ. ಎರಡು ಗುಂಡಿಗಳ ನಡುವೆ ನನ್ನ ಬೆರಳು ತೂರಬೇಕು. ತೂರದಿದ್ದರೆ ಗುಂಡಿಗಳನ್ನು ದೂರ ಸರಿಸುವನು. "ನಿನ್ನ ದಪ್ಪ ಬೆರಳು ಹೋತಂದ್ರ ಜಗತ್ತಿನಾಗ ಯಾರದರೆ ಹೋಗ್ತದ" ಎಂದು ನಗುತ್ತಿದ್ದ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಆ ಮಾತು ಹೇಳುವುದನ್ನೇ ನಾನು ಕಾಯುತ್ತಿದ್ದೆ. ಆ ಟೇಬಲ್ಲಿನ ಪಕ್ಕದ ಕುರ್ಚಿ ನನ್ನದಾಗಿತ್ತು.

ಆಮೇಲೆ ನಿಮ್ಮ ಅಮ್ಮ ಬಂದಳು.

ಮೈಸೂರಿನ ಹುಡುಗಿ, ಐರೋಲಿಯ ಕಂಪನಿಯಲ್ಲಿ ಕೆಲಸ. ಕಂಪ್ಯೂಟರಿನ ಮೇಲೆ ಪುಟ ಜೋಡಿಸುವುದು, ಅಕ್ಷರ ಕೂಡಿಸುವುದು. ಮದುವೆಗೆ ಮೊದಲು ನಮ್ಮ ಮನೆ ನೋಡಲು ಬಂದಾಗ ಅವಳು ಮೊದಲು ನೋಡಿದ್ದು ಆ ಕರೆಂಟಿನ ಪೇಟಿಯನ್ನು. ಬಗ್ಗಿ ಓದಿದಳು. ಕೈ ಬಾಯಿಗೆ ಹೋಯಿತು.

"ಅಯ್ಯೋ ರಾಮ! ಎಲ್ಲಾದರ ಮೇಲೂ 'ಹೊರಗ' 'ಹೊರಗ' ಅಂತ ಇದ್ಯಲ್ಲಾ! ಇವೆಲ್ಲಾ ಒಟ್ಟಿಗೇ ಹೊರಗಾಗಿದ್ದಾವಾ? ಮುಟ್ಟಬಹುದೋ, ಮೂರು ದಿನ ಬಿಟ್ಟು ಬರಲೋ?"

ತಿಂಗಳ ಮುಟ್ಟಿಗೆ ನಮ್ಮಲ್ಲೂ ಅವರಲ್ಲೂ ಆ ಮಾತೇ. ಕರಿ ತಗಡಿನ ಮೇಲೆ ಸಾಲಾಗಿ ಅದನ್ನೇ ಬರೆದಿದ್ದೆನೆಂಬುದು ನನಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು.

"ಏನಾತು? ಕ್ಯಾ ಹುವಾ?" ಎಂದು ನಿಮ್ಮ ಅಪ್ಪ ಇಬ್ಬರ ಮುಖ ನೋಡಿದ. ಅವನಿಗೆ ಯಾರು ಹೇಳುವುದು? ಅವಳು ನಗುತ್ತಲೇ ಇದ್ದಳು. ಅವನೂ ನಕ್ಕ. ಅರ್ಥವಾಗದೆಯೇ, ಅವಳು ನಕ್ಕಳೆಂದು ನಕ್ಕ. ಅವಳ ನಗೆ ನನಗೆ ಚುಚ್ಚಲಿಲ್ಲ. ಅವನ ನಗೆ ಚುಚ್ಚಿತು.

ಮದುವೆಯಾಯಿತು. ಪ್ಯಾನೆಲ್ಲುಗಳು ಅವಳ ಲ್ಯಾಪ್‌ಟಾಪಿಗೆ ಹೋದವು. ಗುಂಡಿಯ ಸುತ್ತ ನಾನು ಒಂದೊಂದಾಗಿ ಚುಚ್ಚುತ್ತಿದ್ದ ಚುಕ್ಕಿಗಳು ಅವಳ ಬೆರಳು ಒತ್ತಿದ ಕೂಡಲೇ ಸಾಲಾಗಿ ನಿಲ್ಲುತ್ತಿದ್ದವು. ತುರ್ಭೆಯ ಒಂದು ಅಂಗಡಿಯಲ್ಲಿ ಮಷೀನು ತಗಡು ಕೊರೆದು ಕೊಡುತ್ತಿತ್ತು.

"ಅತ್ತೆ, ಬೇಜಾರು ಮಾಡ್ಕೋಬೇಡಿ, ಸೀಮೆಎಣ್ಣೆ ವಾಸನೆಗೆ ಹೊಟ್ಟೆ ತೊಳಸತ್ತೆ" ಎಂದಳು ಒಂದು ದಿನ. ನಿಮ್ಮಲ್ಲಿ ದೊಡ್ಡವಳು ಆಗ ಅವಳ ಹೊಟ್ಟೆಯಲ್ಲಿದ್ದಳು. ಅರಳೆ, ಪುಡಿ, ಬಟ್ಟಲು ಎಲ್ಲ ಬಾಲ್ಕನಿಗೆ ಹೋದವು. ನಾನೂ ಅವುಗಳ ಹಿಂದೆ ಹೋಗಿ ಬಟ್ಟೆ ಮಡಚುವ ನೆಪದಲ್ಲಿ ನಿಂತೆ. ಒಳಗಿನಿಂದ ನಿಮ್ಮ ಅಪ್ಪನ ದನಿ ಕೇಳಿತು.

"ಬೆರಳಿಡು."

ತಿರುಗಿ ನೋಡಿದೆ. ಗುಂಡಿಗಳ ನಡುವೆ ಅವಳ ಬೆರಳು, ತೆಳ್ಳಗೆ, ಉಗುರಿಗೆ ಬಣ್ಣ ಹಚ್ಚಿದ್ದು. ಸಲೀಸಾಗಿ ಹೋಯಿತು. ಅವರು ಗುಂಡಿಗಳನ್ನು ಇನ್ನೂ ಹತ್ತಿರ ಸರಿಸಿದರು. ಮಕ್ಕಳೇ, ನಿಮ್ಮ ಅಜ್ಜ ಇದ್ದಾಗ ನನಗೆ ಯಾರ ಮೇಲೂ ಹೊಟ್ಟೆಕಿಚ್ಚು ಬಂದದ್ದಿಲ್ಲ. ಆ ಮಧ್ಯಾಹ್ನ ಒಂದು ಬೆರಳಿನ ಮೇಲೆ ಬಂತು. ಆ ಹೊಸ ಪ್ಯಾನೆಲ್ಲಿನಲ್ಲಿ ನನ್ನ ಬೆರಳು ಇಂದಿಗೂ ತೂರುವುದಿಲ್ಲ. ಬೇಕಾದರೆ ಕೆಳಸಾಲಿನ ಎಡಗಡೆಯದನ್ನು ನೀವೇ ನೋಡಿ.

ಮುಂದೆ ವಾಶಿಯ ಒಂದು ಹಾಲಿನಲ್ಲಿ, ಇಂಥ ಪೆಟ್ಟಿಗೆ ಕಟ್ಟುವ ಹುಚ್ಚಿನವರೆಲ್ಲ ಸೇರಿದರು. ನಿಮ್ಮ ಅಪ್ಪ ಹಳೆಯ ಮುಖಗಳನ್ನೆಲ್ಲ ಕಿತ್ತು ಹೊಸವನ್ನು ಕೂಡಿಸಿ ಒಯ್ದಿದ್ದ. ನಾನು ಬರುವುದಿಲ್ಲ ಎಂದೆ. "ಬರ್ಲೇಬೇಕು ಅತ್ತೆ" ಎಂದು ಅವಳೇ ಎಳೆದೊಯ್ದಳು. ಅಲ್ಲಿ ಟೇಬಲ್ಲಿನ ಮೇಲೆ ಪೆಟ್ಟಿಗೆ ಬಿಚ್ಚಿದಾಗ ನೋಡಿದೆ: ಪ್ರತಿ ತೂತಿನ ಕೆಳಗೆ ನನ್ನ "ಒಳಗ", ನನ್ನ "ಹೊರಗ". ಗಕಾರದ ಕೊನೆಯಲ್ಲಿ ನಾನು ಎಳೆಯುವ ಸಣ್ಣ ಬಾಲವೂ ಇತ್ತು. ನನ್ನ ಹಳೆಯ ತಗಡುಗಳ ಫೋಟೋ ತೆಗೆದು ಅವಳು ಆ ಅಕ್ಷರಗಳನ್ನು ಕಂಪ್ಯೂಟರಿಗೆ ಇಳಿಸಿದ್ದಳು.

ಒಬ್ಬ ಗಡ್ಡದ ಹುಡುಗ ಬಗ್ಗಿ ನೋಡಿ, ಇದು ಕಂಪ್ಯೂಟರಿನ ಯಾವ ಅಕ್ಷರ ಎಂದು ಕೇಳಿದ, "ಮಸ್ತ್ ಹೈ. ಕೌನ್ಸಾ ಫಾಂಟ್ ಹೈ?"

"ಫಾಂಟ್ ನಹೀ, ಮೇರೀ ಸಾಸ್ ಕಾ ಹಾಥ್ ಹೈ" ಎಂದಳು ನಿಮ್ಮ ಅಮ್ಮ, ಅತ್ತೆಯ ಕೈಬರಹ ಎಂದು. ಎಲ್ಲರೂ ತಿರುಗಿದರು. ನಾನು ಕಂಬದ ಮರೆಗೆ ಸರಿದೆ.

ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನ ಅಕ್ಷರಗಳು ನನ್ನನ್ನು ಬಿಟ್ಟು ಅವಳ ಹಿಂದೆ ಹೋಗಿ ಕುಳಿತಿದ್ದವು. ಒಂದು "ಹೊರಗ" ಬರೆದುಕೊಟ್ಟರೆ ನೂರು "ಹೊರಗ" ಅವಳೇ ಮಾಡಿಕೊಳ್ಳಬಲ್ಲಳು. ಹಾಗಾದರೆ ಆ ಟೇಬಲ್ಲಿನ ಹತ್ತಿರ ನನ್ನನ್ನು ಮತ್ತೆ ಯಾರು, ಯಾಕೆ ಕರೆಯುತ್ತಾರೆ? ಠಾಣೆಯಲ್ಲಿ ಲೋಕಲ್ ರೈಲು ಬದಲಾಯಿಸಿ ಮನೆ ಮುಟ್ಟುವವರೆಗೂ ಅದನ್ನೇ ಯೋಚಿಸಿದೆ.

ಉತ್ತರ ಅವಳೇ ತಂದಳು. ಮುಂದಿನ ಪ್ಯಾನೆಲ್ಲಿಗೆ "ತಡ" ಎಂದು ಬರೆಯಬೇಕಿತ್ತು. ದನಿಯನ್ನು ತಡೆದು ಮತ್ತೆ ಕೇಳಿಸುವ ತುಂಡು ಅದು. ಆದರೆ ಹಳೆಯ ತಗಡುಗಳಲ್ಲಿ ತಕಾರವೂ ಇರಲಿಲ್ಲ, ಡಕಾರವೂ ಇರಲಿಲ್ಲ. ಬಿಳಿ ಹಾಳೆ, ಕರಿ ಪೆನ್ನು ಹಿಡಿದು ನನ್ನ ಹತ್ತಿರ ಬಂದು ಕುಳಿತಳು.

"ಅತ್ತೆ, ವರ್ಣಮಾಲೆ ಪೂರ್ತಿ ಬರೆದುಕೊಟ್ಬಿಡಿ. ಒಂದೇ ಸಲಕ್ಕೆ ಮುಗಿದುಹೋಗತ್ತೆ."

ಮುಗಿದುಹೋಗುತ್ತದೆ. ನಾನು ಪೆನ್ನು ತೆಗೆದುಕೊಂಡೆ, ತ ಬರೆದೆ, ಡ ಬರೆದೆ, ಪೆನ್ನು ಕೆಳಗಿಟ್ಟೆ.

"ಕೈ ನಡುಗ್ತದವ್ವಾ. ಉಳಿದದ್ದು ಬೇಕಾದಾಗ ಕೇಳು."

ಅಂದಿನಿಂದ ಹಾಗೇ ನಡೆದಿದೆ. ಹೊಸ ತುಂಡು ತಯಾರಾದಾಗಲೆಲ್ಲ, "ಅತ್ತೆ, ಒಂದು ನ ಬೇಕಿತ್ತು" ಎಂದು ಬರುತ್ತಾಳೆ. ಕುರ್ಚಿ ಎಳೆದು ಕೂರಿಸುತ್ತಾಳೆ. ಮೊದಲು ಪ್ಯಾನೆಲ್ಲು ತೋರಿಸು, ಅಕ್ಷರ ಎಲ್ಲಿ ಕೂಡುತ್ತದೆ ನೋಡಬೇಕು ಎನ್ನುತ್ತೇನೆ. ತೋರಿಸಿದಾಗ ಗುಂಡಿಗಳ ನಡುವೆ ಸುಮ್ಮನೆ ಬೆರಳಿಡುತ್ತೇನೆ. ತೂರದಿದ್ದರೆ ಬೆರಳನ್ನು ತೆಗೆಯುವುದಿಲ್ಲ. ನಿಮ್ಮ ಅಪ್ಪ ನೋಡಿ, "ಏ, ಜರಾ ದೂರ ಸರಸು" ಎನ್ನುತ್ತಾನೆ. ಆಮೇಲೆ ಅಕ್ಷರ ಬರೆದುಕೊಡುತ್ತೇನೆ.

ಇನ್ನೂ ಸಾಕಷ್ಟು ಅಕ್ಷರಗಳು ನನ್ನ ಹತ್ತಿರವೇ ಇವೆ. ಣ ಕೊಟ್ಟಿಲ್ಲ. ಅದಿಲ್ಲದೆ "ಸಣ್ಣ" ಎಂದು ಬರೆಯಲಾಗದೆ ಒಂದು ಗುಂಡಿ ಹೆಸರಿಲ್ಲದೆ ಕುಳಿತಿದೆ.

ಈಗ ಇದನ್ನೆಲ್ಲ ನಿಮಗಾಗಿ ಬರೆದಿದ್ದೇನೆ. ನಿಮಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಓದಿ ಹೇಳಬೇಕಾದವಳು ನಿಮ್ಮ ಅಮ್ಮನೇ. ಓದುವಾಗ ಅವಳಿಗೆ ಕಾಣುತ್ತದೆ, ಅವಳಿಗೆ ಬೇಕಾದ ಅಕ್ಷರಗಳೆಲ್ಲ ಈ ಹಾಳೆಗಳಲ್ಲಿ ಬಿದ್ದಿವೆ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ಸಾಕು. ಅದಕ್ಕೇ ಎಲ್ಲವನ್ನೂ ಬೇಕೆಂದೇ ಸೊಟ್ಟಗೆ ಬರೆದಿದ್ದೇನೆ, ಣಕಾರವನ್ನಂತೂ ಎಲ್ಲಕ್ಕಿಂತ ಸೊಟ್ಟಗೆ. ಒಳ್ಳೆಯದು ಬೇಕಾದರೆ ಕುರ್ಚಿ ಎಳೆದು ಕರೆಯಲಿ.