ಚೀಲದೊಳಗಿನ ಹಾಡು

ಚೀಲ ಬಿಳಿಯದೇ ಆಗಿತ್ತೋ, ಆಮೇಲೆ ನಾನೇ ಬಿಳಿ ಮಾಡಿಕೊಂಡೆನೋ ಖಚಿತವಿಲ್ಲ. ಬೇವಿನ ಕೊಂಬೆಗೆ ತೂಗುಹಾಕಿದ್ದು ನಿಜ. ಅದೂ ಹೀಗೆ ಬರೆಯುತ್ತಿರುವಾಗ ನಿಜವೆನ್ನಿಸುತ್ತಿದೆ, ಅಷ್ಟೆ. ಇಂಥದ್ದನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದವನು. ಈಗ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಆಗ ನನ್ನ ಕೆಲಸ ಹಾಡುಹಕ್ಕಿಗಳ ರಕ್ತ ತೆಗೆಯುವುದು. ಹೆದರಿದ ಹಕ್ಕಿಯ ಮೈಯಲ್ಲಿ ಒತ್ತಡದ ಹಾರ್ಮೋನ್ ಏರುತ್ತದೆ. ಅದು ಬಹಳ ಕಾಲ ಇಳಿಯದಿದ್ದರೆ ಹಕ್ಕಿಗೆ ಸೋಂಕು ಬೇಗ ತಗಲುತ್ತದೆಯೇ, ಇಲ್ಲ ಸೋಂಕು ತಗಲಿದ್ದರಿಂದಲೇ ಅದು ಏರುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಬಲೆಗೆ ಬಿದ್ದ ಕೂಡಲೇ ರೆಕ್ಕೆಯ ರಕ್ತನಾಳದಿಂದ ಒಂದು ಹನಿ. ಬಟ್ಟೆಚೀಲದ ಕತ್ತಲಲ್ಲಿ ಅರ್ಧ ಗಂಟೆ ಇಟ್ಟು ಇನ್ನೊಂದು ಹನಿ. ಎರಡನೆಯದು ಸಿಗದಿದ್ದರೆ ಮೊದಲನೆಯದು ವ್ಯರ್ಥ.

ಕಟ್ಟಾಯ ಎಂಬ ಊರಿನ ಹತ್ತಿರ ಜಯಮ್ಮ ಎಂಬುವರ ಹಿತ್ತಲಿನಲ್ಲಿ ಬಲೆ ಕಟ್ಟಿದ್ದೆ. ಅಂದು ಬಲೆ ಹಾಕಲು ನಮಗಿದ್ದ ಅನುಮತಿಯ ಕೊನೆಯ ಬೆಳಗು. ಅಲ್ಲಿಯವರೆಗೆ ಸಿಕ್ಕಿದ್ದೆಲ್ಲ ಆರೋಗ್ಯವಾಗಿದ್ದ ಹಕ್ಕಿಗಳು. ರೋಗದ ಹಕ್ಕಿ ಒಂದಾದರೂ ಸಿಗದಿದ್ದರೆ ಹೋಲಿಸಲು ಏನೂ ಇಲ್ಲದೆ ಇಡೀ ಕೆಲಸ ಬಿದ್ದುಹೋಗುತ್ತಿತ್ತು. ಆಗ ಬಂದು ಬಿತ್ತು ಒಂದು ಮಡಿವಾಳ ಹಕ್ಕಿ. ಕಪ್ಪುಬಿಳುಪಿನ ಗಂಡು, ಕಣ್ಣಿನ ಸುತ್ತ ಸಿಡುಬಿನ ಗಂಟುಗಳು, ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ನನಗೆ ಸಂತೋಷವಾಯಿತು. ಮೊದಲ ಹನಿ ತೆಗೆದು ಚೀಲಕ್ಕೆ ಬಿಡುವಷ್ಟರಲ್ಲಿ ಜಯಮ್ಮ ಬಗ್ಗಿ ನೋಡಿದರು.

“ಅಯ್ಯೋ ಸಾ, ಇದರ್ ಮೈಮ್ಯಾಲೆ ಅಮ್ಮ ಬಂದವ್ಳೆ. ಇನ್ನೊಂದ್ಸಲ ಚುಚ್ಬ್ಯಾಡಿ. ತಣ್ಣಗೆ ಕಳಿಸ್ಬುಡಿ.”

ಎರಡನೇ ಹನಿ ಬೇಕೇ ಬೇಕು ಎಂದೆ. ಅವರು ಒಳಗೆ ಹೋಗಿ ಒಲೆಯ ಮೇಲಿದ್ದ ಬಾಣಲೆ ಇಳಿಸಿದರು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಸಿಡಿಯಬಾರದು, ಗಟ್ಟಿಯಾಗಿ ಮಾತಾಡಬಾರದು. ಜಗಲಿಯ ಮೇಲಿದ್ದ ಅವರ ಮಾವ ಬೋರೇಗೌಡರಿಗೆ ಕಿವಿ ಕೇಳದು. ಸನ್ನೆಯಲ್ಲಿ ವಿಷಯ ತಿಳಿದು ಅವರು ಕೂಗಿದರು: “ಹಕ್ಕಿಗೆ ಅಮ್ಮ ಬಂದ್ರೆ ನಂಗ್ಯಾಕವ್ವಾ ಒಗ್ಗರಣೆ ಇಲ್ದಿದ್ ಸಾರು?”

“ಕಿವಿ ಸತ್ತೋಗಿದ್ರೂ ಬಾಯಿ ಮಾತ್ರ ಊರಿಗೆಲ್ಲ ಕೇಳ್ತದೆ,” ಎಂದು ಗೊಣಗಿ ಜಯಮ್ಮ ತುಟಿಯ ಮೇಲೆ ಬೆರಳಿಟ್ಟರು.

ಮನೆ ಸುಮ್ಮನಾಯಿತು. ಆಗ ಚೀಲದೊಳಗಿಂದ ಹಾಡು ಬಂತು. ಬೆಳಗಿನ ಜಾವ ಮರದ ತುದಿಯಲ್ಲಿ ಕೂತು ಹಾಡುವ ಹಾಡು, ಏರಿ, ಇಳಿದು, ಮತ್ತೆ ಏರಿ. ಚೀಲದಲ್ಲಿ ಹಕ್ಕಿ ಒದ್ದಾಡುತ್ತದೆ, ಇಲ್ಲವೇ ಮುದುಡಿ ಕೂರುತ್ತದೆ. ಅಲ್ಲಿಂದ ಹಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿಯೇ ಇರಲಿಲ್ಲ. ಬೋರೇಗೌಡರು ಚೀಲದ ಕಡೆ ಮುಖ ತಿರುಗಿಸಿದರು.

“ಏನ್ ಸೊಗಸಾಗಿ ಕೂಗ್ತದೆ ನೋಡಪ್ಪಾ!”

ಅರ್ಧ ಗಂಟೆ ಕಳೆದು ಚೀಲದ ಗಂಟು ಬಿಚ್ಚುವವರೆಗೂ ಹಾಡು ನಿಲ್ಲಲಿಲ್ಲ ಎಂದು ನನ್ನ ನೆನಪು. ಒಳಗೆ ಹಕ್ಕಿ ಸತ್ತಿತ್ತು. ಆಗಷ್ಟೇ ಸತ್ತ ಹಕ್ಕಿ ಅಂಗೈಯಲ್ಲಿ ಬೆಚ್ಚಗಿರುತ್ತದೆ. ಇದು ತಣ್ಣಗಿತ್ತು, ಕಾಲುಗಳು ಸೆಟೆದಿದ್ದವು. ಬೇವಿನ ಎಲೆಗಳ ನಡುವೆ ಬೇರೆ ಹಕ್ಕಿಗಾಗಿ ಹುಡುಕಿದೆ. ಕಾಣಲಿಲ್ಲ. ಕಾಣಲಿಲ್ಲವೆಂದರೆ ಇರಲಿಲ್ಲವೆಂದಲ್ಲ, ಅದೂ ಗೊತ್ತು. ಎರಡನೇ ಹನಿ ಸಿಗಲಿಲ್ಲ, ಕೆಲಸ ಅಲ್ಲಿಗೇ ನಿಂತಿತು. ಮೊದಲ ಹನಿಯಲ್ಲಿ ಹಾರ್ಮೋನ್ ನಿದ್ದೆಯಲ್ಲಿರುವ ಹಕ್ಕಿಯಲ್ಲಿರುವಷ್ಟೇ ಇತ್ತು. ಮೈ ತೀರಾ ಸೋತರೆ ಹಾಗೂ ಆಗಬಹುದು ಎಂದು ಪ್ರಯೋಗಾಲಯದವರು ಹೇಳಿದರು. ಒಪ್ಪಿಕೊಂಡೆ.

ಇತ್ತೀಚೆಗೆ ಹೊಳೆನರಸೀಪುರಕ್ಕೆ ಹೋಗಬೇಕಿದ್ದವನು ಸುತ್ತಿಕೊಂಡು ಕಟ್ಟಾಯಕ್ಕೆ ಹೋದೆ. ಬೋರೇಗೌಡರು ತೀರಿಕೊಂಡಿದ್ದರು. ಆ ಹಾಡು ನೆನಪಿದೆಯೇ ಎಂದು ಜಯಮ್ಮನವರನ್ನು ಕೇಳಿದೆ.

“ಹಾಡಾ? ಆ ಹಕ್ಕಿ ಎಲ್ ಹಾಡ್ತು ಸಾ? ಚೀಲದ್ ತಾವ ನಿಂತ್ಕಂಡು ಸಿಳ್ಳೆ ಆಕ್ತಿದ್ದೋರು ನೀವಲ್ವಾ! ಅಮ್ಮ ಇರೋ ಕಡೆ ಸಿಳ್ಳೆ ಆಕ್ಬಾರ್ದು ಅಂತ ಬೈದ್ನಲ್ಲ, ಮರ್ತೋಯ್ತಾ?”

ಬೈದದ್ದು ನನಗೆ ನೆನಪಿಲ್ಲ. ನನಗೆ ಸಿಳ್ಳೆ ಹಾಕಲು ಬರುವುದೂ ಇಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಪ್ರಯತ್ನಿಸಿದೆ. ಬರೀ ಗಾಳಿ ಬಂತು. ಕಿವಿ ಕೇಳದ ಆ ಮುದುಕರಿಗೆ ಅಂದು ಕೇಳಿಸಿದ್ದು ಏನು, ನನಗೆ ಗೊತ್ತಿಲ್ಲ.